ತಿಂಗಳಿಗೆ ಮೂವತ್ತು ಮಾತ್ರೆ

ರಕ್ತ ಕ್ಯಾನ್ಸರ್ ಎಂದ ಕೂಡಲೇ ಕಣ್ಣ ಮುಂದೆ ಬರುವುದು ವಾರಗಟ್ಟಲೆ ಆಸ್ಪತ್ರೆ ವಾಸ, ಉದುರಿದ ಕೂದಲು, ಅಡವಿಟ್ಟ ಹೊಲ. ಆದರೆ ಇದೇ ಗುಂಪಿನಲ್ಲಿ ದಿನಕ್ಕೊಂದು ಮಾತ್ರೆಯಿಂದ ಹತೋಟಿಗೆ ಬರುವ ಕಾಯಿಲೆಯೂ ಇದೆ. ಅದರ ಹೆಸರು ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ. ವೈದ್ಯರೂ ರೋಗಿಗಳೂ ಚುಟುಕಾಗಿ ಸಿಎಂಎಲ್ ಎನ್ನುತ್ತಾರೆ. ಮಾತ್ರೆಯ ಹೆಸರು ಇಮ್ಯಾಟಿನಿಬ್. ಊಟದ ಜೊತೆಗೆ 400 ಮಿಲಿಗ್ರಾಂ ನುಂಗಿ, ಮೇಲೊಂದು ದೊಡ್ಡ ಲೋಟ ನೀರು ಕುಡಿದರೆ ಆ ದಿನದ ಚಿಕಿತ್ಸೆ ಮುಗಿಯಿತು. ಕಾಯಿಲೆ ಹತೋಟಿಗೆ ಬಂದವರು ಹೊಲಕ್ಕೆ ಹೋಗುತ್ತಾರೆ, ಪಾಠ ಮಾಡುತ್ತಾರೆ, ಬಸ್ಸು ಓಡಿಸುತ್ತಾರೆ, ಮಕ್ಕಳನ್ನು ಬೆಳೆಸುತ್ತಾರೆ.

ಪ್ರಯೋಗಾಲಯದಲ್ಲಿ ಹುಟ್ಟಿದ ಔಷಧ ರೋಗಿಯ ಅಂಗೈಗೆ ಬರುವ ದಾರಿಯನ್ನು ವಿಜ್ಞಾನದ ಪುಸ್ತಕಗಳು ಸಾಮಾನ್ಯವಾಗಿ ಬಿಟ್ಟುಬಿಡುತ್ತವೆ. ಅದು ಆಡಳಿತಕ್ಕೆ ಸೇರಿದ ವಿಷಯ, ಬಜೆಟ್ಟಿಗೆ ಸೇರಿದ ವಿಷಯ ಎಂಬ ಭಾವನೆ ನಮ್ಮದು. ಸಿಎಂಎಲ್‌ನಲ್ಲಿ ಹಾಗೆ ಬಿಡಲು ಬರುವುದಿಲ್ಲ. ಊರಿಗೂ ಆಸ್ಪತ್ರೆಗೂ ಇರುವ ದೂರ, ಸರ್ಕಾರ ಕೊಡುವ ಹಣ, ಔಷಧ ಮಳಿಗೆಯ ದಾಸ್ತಾನು ಇವೆಲ್ಲ ರೋಗಿಯ ಮಜ್ಜೆಯೊಳಗೆ ಎಷ್ಟು ಕ್ಯಾನ್ಸರ್ ಕೋಶಗಳು ಉಳಿಯುತ್ತವೆ ಎಂಬುದನ್ನೇ ನಿರ್ಧರಿಸುತ್ತವೆ. ಇದು ಭಾವುಕ ಮಾತಲ್ಲ, ಅಳತೆ ಮಾಡಿ ಕಂಡುಕೊಂಡ ಸಂಗತಿ. ಆ ಅಳತೆಯನ್ನು ನೋಡುವ ಮೊದಲು ಮಾತ್ರೆ ಹುಟ್ಟಿದ ಬಗೆಯನ್ನು ತಿಳಿಯಬೇಕು.

ಗಿಡ್ಡ ಕ್ರೋಮೋಸೋಮಿನ ಪತ್ತೆ

1960. ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ಪೀಟರ್ ನೋವೆಲ್ ಮತ್ತು ಡೇವಿಡ್ ಹಂಗರ್‌ಫರ್ಡ್ ಸಿಎಂಎಲ್ ರೋಗಿಗಳ ರಕ್ತಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರು. ಒಂದು ಕ್ರೋಮೋಸೋಮು ಇರಬೇಕಾದುದಕ್ಕಿಂತ ಗಿಡ್ಡವಾಗಿತ್ತು. ಬೇರೆ ಬೇರೆ ರೋಗಿಗಳಲ್ಲೂ ಅದೇ ಗಿಡ್ಡ ಕ್ರೋಮೋಸೋಮು ಕಂಡಿತು. ಒಂದು ಕ್ಯಾನ್ಸರಿಗೂ ಒಂದು ನಿರ್ದಿಷ್ಟ ಕ್ರೋಮೋಸೋಮ್ ದೋಷಕ್ಕೂ ನಂಟಿದೆ ಎಂದು ಹೇಳಬಲ್ಲ ಮೊದಲ ಪುರಾವೆ ಅದು. ಊರಿನ ಹೆಸರನ್ನೇ ಇಟ್ಟು ಅದನ್ನು ಫಿಲಡೆಲ್ಫಿಯಾ ಕ್ರೋಮೋಸೋಮ್ ಎಂದರು.

ಕಳೆದುಹೋದ ತುಂಡು ಎಲ್ಲಿಗೆ ಹೋಯಿತು? 1973ರಲ್ಲಿ ಷಿಕಾಗೋದ ಜ್ಯಾನೆಟ್ ರೌಲಿ ಅದಕ್ಕೆ ಉತ್ತರ ಕಂಡುಕೊಂಡರು. ತುಂಡು ಕಳೆದಿರಲಿಲ್ಲ. 22ನೆಯ ಕ್ರೋಮೋಸೋಮಿನ ತುದಿ ಮುರಿದು 9ನೆಯದಕ್ಕೆ ಅಂಟಿಕೊಂಡಿತ್ತು, 9ನೆಯದರ ಒಂದು ಚೂರು 22ಕ್ಕೆ ಬಂದಿತ್ತು. ಈ ಅದಲು ಬದಲಿನಲ್ಲಿ ದೂರ ದೂರ ಇರಬೇಕಾದ ಎರಡು ಜೀನುಗಳು ಅಕ್ಕಪಕ್ಕ ಬಂದು ಕೂಡಿಕೊಂಡವು. ಒಂದು ಬಿಸಿಆರ್, ಇನ್ನೊಂದು ಎಬಿಎಲ್. ಎರಡೂ ಸೇರಿ ತಯಾರಿಸುವ ಹೊಸ ಪ್ರೋಟೀನು ಒಂದು ಕಿಣ್ವ. ಆರೋಗ್ಯವಂತ ಕೋಶದಲ್ಲಿ ಎಬಿಎಲ್ ಕಿಣ್ವ ಬೇಕಾದಾಗ ಚುರುಕಾಗಿ, ಬೇಡವಾದಾಗ ಸುಮ್ಮನಾಗುತ್ತದೆ. ಬಿಸಿಆರ್-ಎಬಿಎಲ್‌ಗೆ ಸುಮ್ಮನಾಗುವುದೇ ಗೊತ್ತಿಲ್ಲ. ಅದು ಹಗಲೂ ರಾತ್ರಿ ‘ವಿಭಜನೆಯಾಗು’ ಎಂಬ ಸೂಚನೆಯನ್ನು ಕೋಶಕ್ಕೆ ಕೊಡುತ್ತಲೇ ಇರುತ್ತದೆ. ಬಿಳಿ ರಕ್ತಕಣಗಳು ಲೆಕ್ಕ ಮೀರಿ ಹೆಚ್ಚುತ್ತವೆ, ಗುಲ್ಮ ಊದಿಕೊಂಡು ಎಡಹೊಟ್ಟೆ ಭಾರವಾಗುತ್ತದೆ, ಮೈ ಸೊರಗುತ್ತದೆ. ಚಿಕಿತ್ಸೆ ಸಿಗದಿದ್ದರೆ ಕೆಲವು ವರ್ಷಗಳಲ್ಲಿ ಕಾಯಿಲೆ ತೀವ್ರ ಲ್ಯುಕೇಮಿಯಾದ ರೂಪ ತಾಳುತ್ತದೆ. ಆ ಹಂತ ತಲುಪಿದವರನ್ನು ಉಳಿಸುವುದು ಇಂದಿಗೂ ಕಷ್ಟ.

ಈ ಕಿಣ್ವ ಕೆಲಸ ಮಾಡಲು ಎಟಿಪಿ ಎಂಬ ಅಣು ಅದರ ಮೈಯಲ್ಲಿರುವ ಒಂದು ಕುಳಿಯಲ್ಲಿ ಬಂದು ಕೂರಬೇಕು. ಆ ಕುಳಿಯನ್ನು ಬೇರೊಂದು ಅಣುವಿನಿಂದ ತುಂಬಿಬಿಟ್ಟರೆ? ಸ್ವಿಟ್ಜರ್ಲೆಂಡಿನ ಸೀಬಾ-ಗೈಗಿ ಕಂಪನಿಯಲ್ಲಿ ನಿಕೋಲಸ್ ಲೈಡನ್ ಅವರ ತಂಡ ಅಂಥ ಅಣುಗಳನ್ನು ಹುಡುಕುತ್ತಿತ್ತು. ರಸಾಯನ ವಿಜ್ಞಾನಿ ಯೂರ್ಗ್ ಜಿಮ್ಮರ್‌ಮನ್ ಅವುಗಳನ್ನು ತಿದ್ದಿ ತೀಡಿದರು. ಅಮೆರಿಕದ ಆರೆಗನ್ನಿನ ವೈದ್ಯ ಬ್ರಯನ್ ಡ್ರುಕರ್ ಅವುಗಳಲ್ಲೊಂದನ್ನು ಸಿಎಂಎಲ್ ಕೋಶಗಳ ಮೇಲೆ ಪ್ರಯೋಗಿಸಿ, ರೋಗಿಗಳಿಗೆ ಕೊಟ್ಟು ನೋಡೋಣ ಎಂದು ಪಟ್ಟು ಹಿಡಿದರು. 1998ರಲ್ಲಿ ಮನುಷ್ಯರ ಮೇಲೆ ಪ್ರಯೋಗ ಶುರುವಾಯಿತು. ದಿನಕ್ಕೆ 300 ಮಿಲಿಗ್ರಾಂ ಅಥವಾ ಹೆಚ್ಚು ತೆಗೆದುಕೊಂಡ 54 ಜನರಲ್ಲಿ 53 ಜನರ ರಕ್ತಕಣಗಳ ಎಣಿಕೆ ಸಹಜ ಸ್ಥಿತಿಗೆ ಬಂತು. 2001ರ ಮೇ ತಿಂಗಳಲ್ಲಿ ಅಮೆರಿಕ ಔಷಧಕ್ಕೆ ಅನುಮತಿ ಕೊಟ್ಟಿತು. ಆ ಬಳಿಕ ನಡೆದ ದೊಡ್ಡ ಅಂತರರಾಷ್ಟ್ರೀಯ ಅಧ್ಯಯನದಲ್ಲಿ ಇಮ್ಯಾಟಿನಿಬ್‌ನಿಂದ ಚಿಕಿತ್ಸೆ ಆರಂಭಿಸಿದವರಲ್ಲಿ ಹತ್ತು ವರ್ಷಗಳ ನಂತರ ಶೇ. 83ರಷ್ಟು ಜನ ಬದುಕಿದ್ದರು.

ಮಾತ್ರೆ ತಪ್ಪಿದ ದಿನ

ಇಮ್ಯಾಟಿನಿಬ್ ಕಿಣ್ವವನ್ನು ತಡೆಯುತ್ತದೆ, ಕಾಯಿಲೆಯ ಬೇರನ್ನು ಕೀಳುವುದಿಲ್ಲ. ಮಜ್ಜೆಯ ಆಳದಲ್ಲಿ ಕೆಲವು ಮೂಲಕೋಶಗಳು ಔಷಧಕ್ಕೆ ಸಿಗದೆ ಉಳಿದಿರುತ್ತವೆ. ಒಂದು ಡೋಸಿನ ಔಷಧ ಸುಮಾರು 18 ಗಂಟೆಗಳಲ್ಲಿ ರಕ್ತದಲ್ಲಿ ಅರ್ಧಕ್ಕೆ ಇಳಿಯುತ್ತದೆ. ಮಾತ್ರೆ ತಪ್ಪಿದರೆ ಕಿಣ್ವದ ಕುಳಿ ತೆರವಾಗುತ್ತದೆ, ಕೋಶಗಳ ವಿಭಜನೆ ಮತ್ತೆ ಶುರುವಾಗುತ್ತದೆ. ವಿಭಜನೆ ಹೆಚ್ಚಿದಷ್ಟೂ ಡಿಎನ್‌ಎ ನಕಲಿನಲ್ಲಿ ತಪ್ಪುಗಳು ಹೆಚ್ಚು. ಅಂಥ ತಪ್ಪುಗಳಲ್ಲಿ ಕೆಲವು ಕಿಣ್ವದ ಕುಳಿಯ ಆಕಾರವನ್ನೇ ಬದಲಿಸುತ್ತವೆ. ಆಗ ಇಮ್ಯಾಟಿನಿಬ್ ಅಲ್ಲಿ ಕೂರಲಾರದು. ಔಷಧಕ್ಕೆ ಬಗ್ಗದ ಸಿಎಂಎಲ್ ಹುಟ್ಟುವ ದಾರಿಗಳಲ್ಲಿ ಇದೂ ಒಂದು.

ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯ ವೈದ್ಯರು 2010ರಲ್ಲಿ ಪ್ರಕಟಿಸಿದ ಅಧ್ಯಯನ ಈ ಮಾತಿಗೆ ಅಂಕಿಗಳನ್ನು ಕೊಟ್ಟಿತು. ಇಮ್ಯಾಟಿನಿಬ್ ತೆಗೆದುಕೊಳ್ಳುತ್ತಿದ್ದ 87 ರೋಗಿಗಳಿಗೆ, ಮುಚ್ಚಳದಲ್ಲಿ ಎಲೆಕ್ಟ್ರಾನಿಕ್ ಚಿಪ್ ಇದ್ದ ಸೀಸೆಗಳನ್ನು ಕೊಟ್ಟರು. ಮುಚ್ಚಳ ತೆರೆದಾಗಲೆಲ್ಲ ದಿನ, ಸಮಯ ದಾಖಲಾಗುತ್ತಿತ್ತು. ಮೂರು ತಿಂಗಳ ದಾಖಲೆಯನ್ನು ರಕ್ತಪರೀಕ್ಷೆಯ ಜೊತೆ ಹೋಲಿಸಿದರು. ಮಾತ್ರೆಗಳಲ್ಲಿ ಶೇ. 90ಕ್ಕಿಂತ ಹೆಚ್ಚನ್ನು ತಪ್ಪದೆ ನುಂಗಿದವರಲ್ಲಿ, ಆರು ವರ್ಷಗಳ ಹೊತ್ತಿಗೆ ಕ್ಯಾನ್ಸರ್ ಜೀನಿನ ಗುರುತು ಸಾವಿರದಲ್ಲೊಂದು ಪಾಲಿಗೆ ಇಳಿಯುವ ಸಾಧ್ಯತೆ ಶೇ. 94.5. ಶೇ. 90 ಅಥವಾ ಕಡಿಮೆ ನುಂಗಿದವರಲ್ಲಿ ಅದು ಶೇ. 28.4. ಶೇ. 80 ಅಥವಾ ಕಡಿಮೆ ನುಂಗಿದವರಲ್ಲಿ ಒಬ್ಬರಿಗೂ ಆ ಮಟ್ಟದ ಫಲ ಸಿಗಲಿಲ್ಲ.

ಈ ಅಂಕಿಗಳನ್ನು ನಮ್ಮ ನೆಲಕ್ಕೆ ತಂದು ನೋಡೋಣ. ತಿಂಗಳಿಗೆ ಮೂವತ್ತು ಮಾತ್ರೆ. ಶೇ. 90 ಎಂದರೆ ಇಪ್ಪತ್ತೇಳು. ಮೂರು ತಪ್ಪಿದರೆ ಆ ಗೆರೆಯ ಮೇಲೆ ನಿಂತಂತೆ. ಬೀದರ್ ಜಿಲ್ಲೆಯ ಔರಾದದ ಒಬ್ಬ ಕೂಲಿ ಕಾರ್ಮಿಕರು ಸುಮಾರು 700 ಕಿಲೋಮೀಟರ್ ದೂರದ ಬೆಂಗಳೂರಿಗೆ ಬಂದು ಮಾತ್ರೆ ಒಯ್ಯಬೇಕು ಎಂದುಕೊಳ್ಳಿ. ರೈಲಿನಲ್ಲಿ ಸೀಟಿಲ್ಲ, ಸುಗ್ಗಿಯ ಕೂಲಿ ಬಿಡುವಂತಿಲ್ಲ, ಜೊತೆಗೆ ಬರುವವರಿಲ್ಲ. ಹೀಗೆ ಪ್ರತಿ ತಿಂಗಳೂ ಒಂದು ವಾರ ಮಾತ್ರೆಯಿಲ್ಲದೆ ಕಳೆದರೆ ಅವರು ನುಂಗಿದ್ದು ಇಪ್ಪತ್ತಮೂರು, ಅಂದರೆ ಶೇ. 77. ಮಾತ್ರೆ ಉಚಿತವಾಗಿಯೇ ಸಿಕ್ಕಿರಬಹುದು, ವೈದ್ಯರು ಸರಿಯಾಗಿಯೇ ಬರೆದುಕೊಟ್ಟಿರಬಹುದು, ರೋಗಿ ಕೈಗೆ ಬಂದ ಒಂದು ಮಾತ್ರೆಯನ್ನೂ ಮರೆಯದಿರಬಹುದು. ಆದರೂ ಲಂಡನ್ನಿನ ಅಧ್ಯಯನದಲ್ಲಿ ಫಲ ಕಾಣದವರ ಸಾಲಿಗೇ ಅವರು ಸೇರುತ್ತಾರೆ. ಇಲ್ಲಿ ಡೋಸು ತಪ್ಪಿಸಿದ್ದು ದೂರ.

ಬೆಲೆ ಇಳಿದ ಕತೆ

ದೂರದ ಪ್ರಶ್ನೆಗಿಂತ ಮೊದಲು ಭಾರತ ಎದುರಿಸಿದ್ದು ಬೆಲೆಯ ಪ್ರಶ್ನೆಯನ್ನು. ನೋವಾರ್ಟಿಸ್ ಕಂಪನಿ ಗ್ಲಿವೆಕ್ ಹೆಸರಿನಲ್ಲಿ ಮಾರುತ್ತಿದ್ದ ಇಮ್ಯಾಟಿನಿಬ್‌ಗೆ ನಮ್ಮಲ್ಲಿ ತಿಂಗಳಿಗೆ ಸುಮಾರು 1.2 ಲಕ್ಷ ರೂಪಾಯಿ. ನ್ಯಾಟ್ಕೋ ಮತ್ತಿತರ ಭಾರತೀಯ ಕಂಪನಿಗಳು ತಯಾರಿಸಿದ ಅದೇ ಔಷಧ 8ರಿಂದ 10 ಸಾವಿರಕ್ಕೆ ಸಿಗುತ್ತಿತ್ತು. ನೋವಾರ್ಟಿಸ್ ತನ್ನ ನೆರವು ಯೋಜನೆಯಲ್ಲಿ ಸಾವಿರಾರು ಭಾರತೀಯರಿಗೆ ಗ್ಲಿವೆಕ್ ಉಚಿತವಾಗಿ ಕೊಟ್ಟಿತು. ಅಮೆರಿಕದ ಮ್ಯಾಕ್ಸ್ ಫೌಂಡೇಷನ್ ಅದನ್ನು ನಡೆಸಿತು. ಆ ನೆರವಿನಿಂದ ಬದುಕಿದವರು ಬಹಳ ಮಂದಿ, ಅದನ್ನು ಕೃತಜ್ಞತೆಯಿಂದಲೇ ನೆನೆಯಬೇಕು. ಆದರೆ ಬದುಕಿರುವಷ್ಟು ಕಾಲ ಬೇಕಾದ ಔಷಧ ಕಂಪನಿಯೊಂದರ ಔದಾರ್ಯವನ್ನು ನಂಬಿಕೊಂಡಿರುವುದು ಭದ್ರವಾದ ವ್ಯವಸ್ಥೆಯಲ್ಲ.

ಭಾರತದ 1970ರ ಪೇಟೆಂಟ್ ಕಾಯ್ದೆ ಔಷಧಗಳಿಗೆ ತಯಾರಿಕಾ ವಿಧಾನದ ಪೇಟೆಂಟ್ ಮಾತ್ರ ಕೊಡುತ್ತಿತ್ತು. ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದಕ್ಕೆ ತಲೆಬಾಗಿ 2005ರಲ್ಲಿ ಔಷಧಕ್ಕೇ ಪೇಟೆಂಟ್ ಕೊಡುವ ತಿದ್ದುಪಡಿ ಬಂತು. ಸಂಸತ್ತು ಅದರ ಜೊತೆಗೇ 3(ಡಿ) ಎಂಬ ಕಲಮನ್ನು ಬಿಗಿಗೊಳಿಸಿತು: ಗೊತ್ತಿರುವ ವಸ್ತುವಿನ ಹೊಸ ರೂಪಕ್ಕೆ, ಅದರ ಪರಿಣಾಮಕಾರಿತ್ವ ಹೆಚ್ಚಿದೆ ಎಂದು ತೋರಿಸದ ಹೊರತು ಪೇಟೆಂಟ್ ಇಲ್ಲ. ನೋವಾರ್ಟಿಸ್ ಕೇಳಿದ್ದು ಇಮ್ಯಾಟಿನಿಬ್ ಮೆಸಿಲೇಟಿನ ಬೀಟಾ ಸ್ಫಟಿಕ ರೂಪಕ್ಕೆ ಪೇಟೆಂಟ್. ಮುಂಬಯಿಯ ಕ್ಯಾನ್ಸರ್ ಪೇಷಂಟ್ಸ್ ಏಡ್ ಅಸೋಸಿಯೇಷನ್ ಮತ್ತು ಹಲವು ಭಾರತೀಯ ಕಂಪನಿಗಳು ವಿರೋಧಿಸಿದವು. 2006ರಲ್ಲಿ ಚೆನ್ನೈ ಪೇಟೆಂಟ್ ಕಚೇರಿ ಅರ್ಜಿಯನ್ನು ತಿರಸ್ಕರಿಸಿತು. ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. ಸ್ಫಟಿಕ ರೂಪವನ್ನು ದೇಹ ಶೇ. 30ರಷ್ಟು ಹೆಚ್ಚು ಹೀರಿಕೊಳ್ಳುತ್ತದೆ ಎಂಬುದು ಕಂಪನಿಯ ವಾದಗಳಲ್ಲೊಂದು. ಔಷಧದ ವಿಷಯದಲ್ಲಿ ಪರಿಣಾಮಕಾರಿತ್ವ ಎಂದರೆ ಕಾಯಿಲೆ ಗುಣಪಡಿಸುವ ಶಕ್ತಿ, ಅದು ಹೆಚ್ಚಿದೆ ಎಂಬುದಕ್ಕೆ ಪುರಾವೆಯಿಲ್ಲ ಎಂದು 2013ರ ಏಪ್ರಿಲ್ 1ರಂದು ನ್ಯಾಯಮೂರ್ತಿಗಳಾದ ಆಫ್ತಾಬ್ ಆಲಂ ಮತ್ತು ರಂಜನಾ ದೇಸಾಯಿ ತೀರ್ಪಿತ್ತರು.

ಇದರಿಂದ ಜೆನೆರಿಕ್ ಇಮ್ಯಾಟಿನಿಬ್‌ನ ದಾರಿ ಸುಗಮವಾಯಿತು, ಪೈಪೋಟಿಯಲ್ಲಿ ಬೆಲೆ ಮತ್ತೂ ಇಳಿಯಿತು. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇಮ್ಯಾಟಿನಿಬ್ ಅನ್ನು ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ನಮ್ಮ ಕ್ಯಾನ್ಸರ್ ಆಸ್ಪತ್ರೆಗಳು ಒಟ್ಟಾಗಿ ಕೊಂಡರೆ ಏನಾಗುತ್ತದೆ ಎಂಬುದನ್ನು ನ್ಯಾಷನಲ್ ಕ್ಯಾನ್ಸರ್ ಗ್ರಿಡ್ ತೋರಿಸಿತು: 23 ಕೇಂದ್ರಗಳು 40 ಔಷಧಗಳಿಗೆ ಒಂದೇ ದನಿಯಲ್ಲಿ ಚೌಕಾಸಿ ಮಾಡಿದಾಗ ಉಳಿತಾಯವಾದದ್ದು ಸುಮಾರು ಶೇ. 82.

ಹಣವಂತ ದೇಶಗಳಲ್ಲೂ ಊರಿನ ಮೇಲೆ ಅದೃಷ್ಟ

ಹಣವೊಂದಿದ್ದರೆ ಸಮಸ್ಯೆ ತೀರುತ್ತದೆ ಎಂದುಕೊಳ್ಳುವಂತಿಲ್ಲ. ಬ್ರಿಟನ್ನಿನಲ್ಲಿ ಚಿಕಿತ್ಸೆಯ ಖರ್ಚು ಸರ್ಕಾರದ್ದೇ. ಆದರೂ ಒಂದೂರಿನ ರೋಗಿಗೆ ಸಿಕ್ಕ ಹೊಸ ಕ್ಯಾನ್ಸರ್ ಔಷಧ ಪಕ್ಕದ ಊರಿನವರಿಗೆ ಸಿಗದ ಸ್ಥಿತಿಯಿತ್ತು. ಅಲ್ಲಿನ ಪತ್ರಿಕೆಗಳು ಅದನ್ನು ‘ಪೋಸ್ಟ್‌ಕೋಡ್ ಲಾಟರಿ’ ಎಂದವು. ಈ ತಾರತಮ್ಯ ತಗ್ಗಿಸುವುದು 1999ರಲ್ಲಿ ನೈಸ್ ಎಂಬ ಸಂಸ್ಥೆಯನ್ನು ಕಟ್ಟಿದ ಉದ್ದೇಶಗಳಲ್ಲೊಂದು. ಔಷಧದಿಂದ ಸಿಗುವ ಆರೋಗ್ಯವನ್ನೂ ಅದಕ್ಕೆ ತೆರಬೇಕಾದ ಹಣವನ್ನೂ ತೂಗಿ, ಸರ್ಕಾರ ಖರ್ಚು ಭರಿಸಬೇಕೇ ಎಂದು ಅದು ಹೇಳುತ್ತದೆ. 2007ರಲ್ಲಿ ಮೈಲೋಮಾ ಎಂಬ ರಕ್ತ ಕ್ಯಾನ್ಸರಿನ ಬಾರ್ಟೆಜೊಮಿಬ್ ಔಷಧಕ್ಕೆ ಅದು ಒಪ್ಪಿದ ಕರಾರು ಗಮನಿಸುವಂಥದ್ದು: ನಾಲ್ಕು ಸುತ್ತಿನೊಳಗೆ ಸಾಕಷ್ಟು ಗುಣ ಕಾಣದಿದ್ದರೆ ಆ ರೋಗಿಯ ಔಷಧದ ಹಣವನ್ನು ಕಂಪನಿ ಭರಿಸಿಕೊಡಬೇಕು.

ಆದರೆ 2011ರಲ್ಲಿ ಇಂಗ್ಲೆಂಡ್ ತನ್ನ ಜನರಿಗಷ್ಟೇ ವರ್ಷಕ್ಕೆ 20 ಕೋಟಿ ಪೌಂಡಿನ ಕ್ಯಾನ್ಸರ್ ಔಷಧ ನಿಧಿ ತೆರೆಯಿತು. ವೇಲ್ಸ್‌ನಲ್ಲಿ ಅಂಥ ನಿಧಿ ಇರಲಿಲ್ಲ. ಗಡಿಯ ಈಚೆ ಒಂದು ನ್ಯಾಯ, ಆಚೆ ಇನ್ನೊಂದು. 2014-15ರ ಹೊತ್ತಿಗೆ ಖರ್ಚು 41.6 ಕೋಟಿ ಪೌಂಡಿಗೆ ಏರಿತು. ನಿಧಿ ಹಣ ಕೊಟ್ಟ 47 ಬಗೆಯ ಬಳಕೆಗಳಲ್ಲಿ ಆಯಸ್ಸು ಹೆಚ್ಚಿದ್ದಕ್ಕೆ ಗಟ್ಟಿ ಪುರಾವೆ ಇದ್ದದ್ದು 18ಕ್ಕೆ ಮಾತ್ರ ಎಂದು ಮುಂದೆ ಸಂಶೋಧಕರು ಲೆಕ್ಕ ಹಾಕಿದರು. 2016ರಲ್ಲಿ ನಿಧಿಯನ್ನು ನೈಸ್‌ನ ತೂಕಕ್ಕೆ ಒಳಪಡಿಸಿ ಮತ್ತೆ ಕಟ್ಟಬೇಕಾಯಿತು.

ಕೆನಡಾದ ಕತೆ ಇಮ್ಯಾಟಿನಿಬ್‌ಗೆ ಇನ್ನೂ ಹತ್ತಿರ. ಅಲ್ಲಿನ 1984ರ ಆರೋಗ್ಯ ಕಾಯ್ದೆ ಆಸ್ಪತ್ರೆಯೊಳಗೆ ಕೊಡುವ ಔಷಧಕ್ಕೆ ಸಾರ್ವಜನಿಕ ಹಣ ಖಾತರಿ ಮಾಡುತ್ತದೆ, ಮನೆಯಲ್ಲಿ ನುಂಗುವ ಮಾತ್ರೆಗೆ ಮಾಡುವುದಿಲ್ಲ. ಬ್ರಿಟಿಷ್ ಕೊಲಂಬಿಯಾ, ಆಲ್ಬರ್ಟಾದಂಥ ಪಶ್ಚಿಮದ ಪ್ರಾಂತ್ಯಗಳು ಕ್ಯಾನ್ಸರ್ ಮಾತ್ರೆಗಳಿಗೂ ತಾವೇ ಹಣ ಕೊಡಲು ಮುಂದಾದವು. ಒಂಟಾರಿಯೊದಲ್ಲಿ ದುಡಿಯುವ ವಯಸ್ಸಿನವರು ಖಾಸಗಿ ವಿಮೆ, ಅರ್ಜಿ, ತಮ್ಮ ಪಾಲಿನ ಹಣ ಎಂದು ಓಡಾಡಬೇಕಾಯಿತು. ಡ್ರಿಪ್ಪಿನಲ್ಲಿ ಹರಿಯುವ ಔಷಧಕ್ಕೆ ಒಂದು ನಿಯಮ, ಅಂಗೈಯಲ್ಲಿ ಹಿಡಿಯುವ ಔಷಧಕ್ಕೆ ಮತ್ತೊಂದು. ರೋಗಿಯನ್ನು ಆಸ್ಪತ್ರೆಯ ಹಾಸಿಗೆಯಿಂದ ಬಿಡಿಸಿದ್ದೇ ಮಾತ್ರೆಯ ಹೆಗ್ಗಳಿಕೆ. ಹಾಸಿಗೆಯನ್ನೇ ಅಳತೆಗೋಲಾಗಿ ಇಟ್ಟುಕೊಂಡ ವ್ಯವಸ್ಥೆಗೆ ಆ ರೋಗಿ ಕಾಣಿಸಲೇ ಇಲ್ಲ.

ಕಾಲುವೆಯ ಕೊನೆಯ ಹೊಲ

ನಮ್ಮಲ್ಲೂ ಸರ್ಕಾರಿ ಆರೋಗ್ಯ ವಿಮೆ ಹುಟ್ಟಿದ್ದು ಹಾಸಿಗೆಯ ಲೆಕ್ಕದಲ್ಲೇ. 2008ರ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆ ಆಸ್ಪತ್ರೆಗೆ ದಾಖಲಾದವರಿಗೆ ವರ್ಷಕ್ಕೆ 30 ಸಾವಿರದವರೆಗೆ ಕೊಡುತ್ತಿತ್ತು. ಕರ್ನಾಟಕ 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಯೋಜನೆಯನ್ನು ತಂದು, ಹೃದ್ರೋಗ, ಕ್ಯಾನ್ಸರಿನಂಥ ದುಬಾರಿ ಚಿಕಿತ್ಸೆಗಳನ್ನು ಬಿಪಿಎಲ್ ಕುಟುಂಬಗಳಿಗೆ ಉಚಿತ ಮಾಡಿತು. ಅದನ್ನು ಮೊದಲು ಜಾರಿಗೆ ತಂದದ್ದು ರಾಜ್ಯದ ಉತ್ತರ ಭಾಗದಲ್ಲಿ. ಹಳ್ಳಿಗಳಲ್ಲಿ ಶಿಬಿರ ನಡೆಸಿ ರೋಗಿಗಳನ್ನು ಗುರುತಿಸುತ್ತಿದ್ದರು, ಆಸ್ಪತ್ರೆಯಲ್ಲಿ ಕೈಹಿಡಿದು ನಡೆಸಲು ಆರೋಗ್ಯಮಿತ್ರರು ಇರುತ್ತಿದ್ದರು.

ಯೋಜನೆ ತಲುಪಿದ ಮತ್ತು ಇನ್ನೂ ತಲುಪದ ಭಾಗಗಳ ಗಡಿಯಲ್ಲಿ, ಒಂದಕ್ಕೊಂದು ಹತ್ತಿರದ 572 ಹಳ್ಳಿಗಳನ್ನು ಸಂಶೋಧಕರು ಹೋಲಿಸಿದರು. ಮಣ್ಣು, ಮಳೆ, ಬದುಕು ಹೆಚ್ಚುಕಡಿಮೆ ಒಂದೇ, ವ್ಯತ್ಯಾಸ ಯೋಜನೆಯದು. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಫಲಿತಾಂಶ: ಯೋಜನೆಯ ಚಿಕಿತ್ಸೆಗಳಿಂದ ತಪ್ಪಿಸಬಹುದಾಗಿದ್ದ ಕಾಯಿಲೆಗಳಿಂದ ಬಡ ಕುಟುಂಬಗಳಲ್ಲಿ ಆದ ಸಾವು, ಯೋಜನೆ ಇದ್ದ ಕಡೆ ಶೇ. 0.32, ಇಲ್ಲದ ಕಡೆ ಶೇ. 0.90. ಯೋಜನೆಗೆ ಅರ್ಹತೆಯಿಲ್ಲದ ಎಪಿಎಲ್ ಕುಟುಂಬಗಳಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಸಾರ್ವಜನಿಕ ಹಣ ಊರಿನವರೆಗೆ ಹೋದರೆ ಏನಾಗುತ್ತದೆ ಎಂಬುದಕ್ಕೆ ನಮ್ಮದೇ ನಾಡಿನ ಸಾಕ್ಷ್ಯವಿದು. 2018ರಿಂದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಈ ಹೊಣೆ ಹೊತ್ತಿದೆ: ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ.

ಆದರೂ ನೀರಾವರಿ ಪ್ರದೇಶದ ರೈತರಿಗೆ ಚೆನ್ನಾಗಿ ಗೊತ್ತಿರುವ ಸಂಗತಿಯೊಂದಿದೆ. ಅಣೆಕಟ್ಟು ತುಂಬಿದ ಮಾತ್ರಕ್ಕೆ ಕಾಲುವೆಯ ಕೊನೆಯ ಹೊಲ ನೆನೆಯುವುದಿಲ್ಲ. ಬೆಂಗಳೂರಿನ ಕಿದ್ವಾಯಿ ಸಂಸ್ಥೆ, ಅದರ ಕಲಬುರಗಿ ಶಾಖೆ, ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆ, ಮಣಿಪಾಲದಂಥ ವೈದ್ಯಕೀಯ ಕಾಲೇಜುಗಳು ನಮ್ಮ ದೊಡ್ಡ ಆಸರೆಗಳು. ಆದರೆ ಸಿಎಂಎಲ್ ರೋಗಿಗೆ ತಿಂಗಳು ತಿಂಗಳೂ ಬೇಕಾದದ್ದು ತಜ್ಞರ ಕೋಣೆಯಲ್ಲ, ಮಾತ್ರೆಯ ಡಬ್ಬಿ. ಕಾಯಿಲೆ ಹತೋಟಿಯಲ್ಲಿದ್ದರೆ ಆ ಡಬ್ಬಿಯನ್ನು ತಾಲ್ಲೂಕು ಆಸ್ಪತ್ರೆಯ ಔಷಧ ವಿತರಕರೂ ಕೊಡಬಲ್ಲರು. ಕ್ಷಯರೋಗದ ಮಾತ್ರೆಗಳನ್ನು ಸರ್ಕಾರ ಹಳ್ಳಿಯವರೆಗೂ ಮುಟ್ಟಿಸುತ್ತಿರುವಾಗ ಇದು ಆಗದ ಕೆಲಸವೇನಲ್ಲ. 2025ರಲ್ಲಿ ಕರ್ನಾಟಕ 16 ಜಿಲ್ಲಾ ಆಸ್ಪತ್ರೆಗಳಲ್ಲಿ ಕಿಮೋಥೆರಪಿ ಡೇ ಕೇರ್ ಕೇಂದ್ರಗಳನ್ನು ತೆರೆಯಿತು. ಕೇರಳ 2024ರಲ್ಲಿ ತನ್ನ ಕಾರುಣ್ಯ ಔಷಧ ಮಳಿಗೆಗಳಲ್ಲಿ ಲಾಭವಿಲ್ಲದೆ ಕ್ಯಾನ್ಸರ್ ಔಷಧ ಮಾರತೊಡಗಿತು. ಎರಡೂ ಸರಿಯಾದ ದಿಕ್ಕಿನಲ್ಲಿಟ್ಟ ಹೆಜ್ಜೆಗಳು.

ಅಳೆಯುವ ಯಂತ್ರ ಹತ್ತಿರದಲ್ಲೇ ಇದೆ

ಮಾತ್ರೆ ತಲುಪಿದರೆ ಸಾಲದು, ಅದು ಕೆಲಸ ಮಾಡುತ್ತಿದೆಯೇ ಎಂದೂ ನೋಡಬೇಕು. ರಕ್ತದಲ್ಲಿ ಬಿಸಿಆರ್-ಎಬಿಎಲ್ ಜೀನಿನ ಗುರುತು ಎಷ್ಟು ಉಳಿದಿದೆ ಎಂಬುದನ್ನು ಪಿಸಿಆರ್ ಪರೀಕ್ಷೆ ಹೇಳುತ್ತದೆ. ಮೂರು ತಿಂಗಳಲ್ಲಿ ಶೇ. 10, ಆರು ತಿಂಗಳಲ್ಲಿ ಶೇ. 1, ವರ್ಷದಲ್ಲಿ ಶೇ. 0.1ಕ್ಕೆ ಇಳಿಯಬೇಕು ಎಂಬುದು ವೈದ್ಯರ ಗುರಿ. ಇಳಿಯದಿದ್ದರೆ ಡಸಾಟಿನಿಬ್, ನೈಲೊಟಿನಿಬ್‌ನಂಥ ಮುಂದಿನ ಪೀಳಿಗೆಯ ಔಷಧಕ್ಕೆ ಬದಲಿಸಬೇಕೇ ಎಂದು ಯೋಚಿಸುತ್ತಾರೆ. ತಡವಾಗಿ ಗೊತ್ತಾದರೆ ಬದಲಿಸಿಯೂ ಫಲ ಸಿಗದೆ ಹೋಗಬಹುದು.

ಈ ಪರೀಕ್ಷೆ ದೊಡ್ಡ ನಗರದ ಪ್ರಯೋಗಾಲಯದಲ್ಲೇ ಆಗಬೇಕೆಂದಿಲ್ಲ. ಕ್ಷಯ ಪತ್ತೆಗಾಗಿ ಜಿಲ್ಲೆ ಜಿಲ್ಲೆಗಳಲ್ಲಿ ಇಟ್ಟಿರುವ ಜೀನ್‌ಎಕ್ಸ್‌ಪರ್ಟ್ ಯಂತ್ರವನ್ನು ನಮ್ಮ ಆರೋಗ್ಯ ಇಲಾಖೆಯವರು ಸಿಬಿನ್ಯಾಟ್ ಎನ್ನುತ್ತಾರೆ. ಅದೇ ಬಗೆಯ ಯಂತ್ರಕ್ಕೆ ಬಿಸಿಆರ್-ಎಬಿಎಲ್ ಅಳೆಯುವ ಕಾರ್ಟ್ರಿಡ್ಜೂ ಇದೆ. ಕೆಲವೇ ಗಂಟೆಗಳಲ್ಲಿ ಫಲಿತಾಂಶ ಬರುತ್ತದೆ. ಯಂತ್ರಕ್ಕೆ ಸರ್ಕಾರ ಆಗಲೇ ಹಣ ಹಾಕಿದೆ, ಉಳಿದಿರುವುದು ಕಾರ್ಟ್ರಿಡ್ಜ್ ಮತ್ತು ತರಬೇತಿಯ ಖರ್ಚು.

ಇದರಲ್ಲಿ ಸರ್ಕಾರಕ್ಕೂ ಉಳಿತಾಯವಿದೆ. 2010ರಲ್ಲಿ ಪ್ರಕಟವಾದ ಫ್ರಾನ್ಸಿನ ಅಧ್ಯಯನವೊಂದರಲ್ಲಿ, ಎರಡು ವರ್ಷಕ್ಕೂ ಹೆಚ್ಚು ಕಾಲ ಜೀನಿನ ಗುರುತೇ ಸಿಗದಿದ್ದ 100 ಜನ ವೈದ್ಯರ ನಿಗಾದಲ್ಲಿ ಮಾತ್ರೆ ನಿಲ್ಲಿಸಿದರು. ವರ್ಷ ಕಳೆದರೂ ಹತ್ತರಲ್ಲಿ ಸುಮಾರು ನಾಲ್ವರಿಗೆ ಕಾಯಿಲೆ ಮರಳಲಿಲ್ಲ. ಮರಳಿದವರು ಮತ್ತೆ ಮಾತ್ರೆ ಶುರು ಮಾಡಿದರು. ಮೊದಲ ವರ್ಷಗಳಲ್ಲಿ ಒಂದು ದಿನವೂ ತಪ್ಪದಂತೆ ಮಾತ್ರೆ ಒದಗಿಸಿದರೆ, ಮುಂದೆ ಕೆಲವರಿಗಾದರೂ ಮಾತ್ರೆಯೇ ಬೇಡವಾಗಬಹುದು. ಆದರೆ ಅಂಥ ಧೈರ್ಯಕ್ಕೆ ಹತ್ತಿರದಲ್ಲೇ ಪದೇ ಪದೇ ಪರೀಕ್ಷೆ ಆಗುವ ವ್ಯವಸ್ಥೆ ಬೇಕು. ಅದಿಲ್ಲದ ಊರಿನವರು ಯಾರೂ ತಾವಾಗಿ ಮಾತ್ರೆ ನಿಲ್ಲಿಸಬಾರದು.

ಮುಂದಿನ ಔಷಧ, ಅದೇ ಪ್ರಶ್ನೆ

2023ರ ಅಕ್ಟೋಬರಿನಲ್ಲಿ ಭಾರತ ತನ್ನದೇ ಮೊದಲ ಕಾರ್-ಟಿ ಚಿಕಿತ್ಸೆಗೆ ಅನುಮತಿ ಕೊಟ್ಟಿತು. ಐಐಟಿ ಬಾಂಬೆ ಮತ್ತು ಟಾಟಾ ಸ್ಮಾರಕ ಕೇಂದ್ರ ಸೇರಿ ರೂಪಿಸಿದ ನೆಕ್ಸ್‌ಕಾರ್19 ಅದು. ರೋಗಿಯ ಟಿ ಕೋಶಗಳನ್ನು ಹೊರತೆಗೆದು, ಕ್ಯಾನ್ಸರ್ ಕೋಶವನ್ನು ಗುರುತಿಸುವ ಜೀನನ್ನು ಸೇರಿಸಿ, ಬೆಳೆಸಿ, ಮತ್ತೆ ಅವರಿಗೇ ಕೊಡುತ್ತಾರೆ. ಬೇರೆ ಚಿಕಿತ್ಸೆಗೆ ಬಗ್ಗದ ಕೆಲವು ಬಗೆಯ ಲ್ಯುಕೇಮಿಯಾ, ಲಿಂಫೋಮಾಗಳಿಗೆ ಇದು ಹೊಸ ಭರವಸೆ. ವಿದೇಶಗಳಲ್ಲಿ ಕೋಟಿಗಳಾಗುವ ಚಿಕಿತ್ಸೆ ಇಲ್ಲಿ ಸುಮಾರು 40 ಲಕ್ಷಕ್ಕೆ ಸಿಗುವಂತಾಗಿದೆ. ದೊಡ್ಡ ಸಾಧನೆ ನಿಜ. ಆದರೆ ಅದು ಒಂದು ಕುಟುಂಬದ ಆಯುಷ್ಮಾನ್ ಮಿತಿಯ ಎಂಟು ಪಟ್ಟು. ಕೊಡಬಲ್ಲ ಆಸ್ಪತ್ರೆಗಳೂ ದೊಡ್ಡ ನಗರಗಳಲ್ಲೇ. ಇಮ್ಯಾಟಿನಿಬ್ ಕಲಿಸಿದ ಪಾಠವನ್ನು ನಾವು ಈಗಲೇ ಬಳಸದಿದ್ದರೆ, ಬೆಲೆ ಇಳಿಯುವವರೆಗೆ ಒಂದು ಪೀಳಿಗೆ, ಊರು ತಲುಪುವವರೆಗೆ ಇನ್ನೊಂದು ಪೀಳಿಗೆ ಕಾಯಬೇಕಾಗುತ್ತದೆ.

ಆ ಪಾಠವನ್ನು ಆಚರಣೆಗೆ ತರಲು ಹೊಸ ಸಂಶೋಧನೆಯೇನೂ ಬೇಡ. ಸಿಎಂಎಲ್ ಇದೆಯೆಂದು ಗೊತ್ತಾದ ಪ್ರತಿಯೊಬ್ಬರ ಹೆಸರೂ ಅವರ ಜಿಲ್ಲೆಯ ಪಟ್ಟಿಯಲ್ಲಿರಲಿ. ಮನೆಯಲ್ಲಿ ನುಂಗುವ ಮಾತ್ರೆಗೂ ಹಾಸಿಗೆಯ ಚಿಕಿತ್ಸೆಗೆ ಸಿಗುವಷ್ಟೇ ಖಾತರಿಯ ಹಣ ಸಿಗಲಿ. ಸ್ಥಿರವಾಗಿರುವ ರೋಗಿಗೆ ಮೂರು ತಿಂಗಳ ಮಾತ್ರೆ ಒಟ್ಟಿಗೆ, ತಾಲ್ಲೂಕಿನಲ್ಲೇ ದೊರೆಯಲಿ. ಯಾವ ಜಿಲ್ಲೆಯಲ್ಲಿ ಎಷ್ಟು ಜನರಿಗೆ ಎಷ್ಟು ದಿನ ಮಾತ್ರೆ ತಪ್ಪಿತು ಎಂಬ ಲೆಕ್ಕವನ್ನು ಆರೋಗ್ಯ ಇಲಾಖೆ ಪ್ರತಿ ವರ್ಷ ಹೆಸರುಗಳಿಲ್ಲದೆ ಪ್ರಕಟಿಸಲಿ. ಎಷ್ಟು ಹಣ ಬಿಡುಗಡೆಯಾಯಿತು ಎಂಬುದಕ್ಕಿಂತ ಆ ಲೆಕ್ಕವೇ ಯೋಜನೆಯ ನಿಜವಾದ ಫಲಿತಾಂಶ. ಮೂವತ್ತರಲ್ಲಿ ಇಪ್ಪತ್ತೆಂಟಾದರೂ ತಲುಪಿದ ಜಿಲ್ಲೆಯಲ್ಲಿ ಜನ ಬದುಕುತ್ತಾರೆ. ಇಪ್ಪತ್ತಮೂರಕ್ಕೆ ನಿಂತ ಜಿಲ್ಲೆಯಲ್ಲಿ, ಜಗತ್ತಿನ ಅತ್ಯುತ್ತಮ ಔಷಧ ಕೈಯಲ್ಲಿದ್ದೂ, ತಪ್ಪಿಸಬಹುದಾಗಿದ್ದ ಸಾವುಗಳಾಗುತ್ತವೆ. ಆ ಐದು ಮಾತ್ರೆಗಳ ಹೊಣೆಯನ್ನು ಒಬ್ಬಂಟಿ ರೋಗಿಯ ಮೇಲೆ ಹೊರಿಸಬಾರದು. ಅದು ನಮ್ಮೆಲ್ಲರ ತೆರಿಗೆಯ ಹಣ ಹೊರಬೇಕಾದ ಹೊಣೆ.